ಸೀಲ್ ಹೊಸದು, ಸೋರಿಕೆ ಹಳೆಯದು: ಫ್ರಂಟ್ ಸ್ಪ್ರಾಕೆಟ್ ಬಳಿಯ ಆಯಿಲ್

2024 ಜುಲೈ 14, ಭಾನುವಾರ

ಇವತ್ತು ಸ್ಟ್ಯಾಂಡ್ ಏರಿದ್ದು ನಾಲ್ಕು ಸ್ಟ್ರೋಕಿನ 250 ಸಿಸಿ ಡರ್ಟ್ ಬೈಕ್. ಸಕಲೇಶಪುರದ ಕಡೆಯ ಕೆಸರಲ್ಲಿ ಓಡಿದ ಗಾಡಿ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಎಡಗಡೆ ಫ್ರಂಟ್ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲುಚಕ್ರ) ಕವರ್ ಕೆಳಗೆ ರೂಪಾಯಿ ಅಗಲದ ಆಯಿಲ್ ಕಲೆ. ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಎರಡು ತಿಂಗಳ ಹಿಂದಷ್ಟೇ ಬದಲಾಗಿದೆ, ಆದರೂ ಸೋರಿಕೆ ನಿಂತಿಲ್ಲ. ಈ ದೂರು ತೀರಾ ಸಾಮಾನ್ಯ. ಹೆಚ್ಚಿನ ಸಲ ಇದಕ್ಕೆ ಕಾರಣ ಸೀಲ್ ಅಲ್ಲ, ಅದರ ಒಳಗಿರುವ ಕಾಲರ್ ಎಂಬ ಉಕ್ಕಿನ ಬಳೆ ಮತ್ತು ಕಾಲರ್ ಅಡಿಯ ಪುಟ್ಟ ರಬ್ಬರ್ ಓ-ರಿಂಗ್.

ಸ್ಪ್ರಾಕೆಟನ್ನು ನಟ್ ಹಾಕಿ ಬಿಗಿಯುವ ಎಂಜಿನ್‌ಗಳಲ್ಲಿ ಬೇರಿಂಗ್‌ಗೂ ಸ್ಪ್ರಾಕೆಟ್‌ಗೂ ನಡುವೆ, ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟ್ ಮೇಲೆ ಒಂದು ಉಕ್ಕಿನ ಕಾಲರ್ ಕೂತಿರುತ್ತದೆ. ಆಯಿಲ್ ಹೊರಬರಲು ಎರಡು ದಾರಿ. ಕಾಲರ್‌ನ ಹೊರಮೈಗುಂಟ ಬರುವುದನ್ನು ಸೀಲ್ ತಡೆಯುತ್ತದೆ. ಕಾಲರ್ ಮತ್ತು ಶಾಫ್ಟ್ ನಡುವೆ ಬರುವುದನ್ನು ತಡೆಯುವುದು ಓ-ರಿಂಗ್ ಮಾತ್ರ. ಅದು ಗಟ್ಟಿಯಾಗಿ ಚಪ್ಪಟೆಯಾದ ಮೇಲೆ ನೀವು ಎಷ್ಟು ಸೀಲ್ ಹಾಕಿದರೂ ಆಯಿಲ್ ಒಳಗಿಂದೊಳಗೇ ಶಾಫ್ಟ್ ಗುಂಟ ಬಂದು ಸ್ಪ್ರಾಕೆಟ್ ನಡುವಿನ ಹಲ್ಲುಗಳಲ್ಲಿ, ನಟ್ ಬುಡದಲ್ಲಿ ಜಿನುಗುತ್ತದೆ.

ಬಿಚ್ಚುವ ಮೊದಲು ಸೋರುವ ಜಾಗ ಹಿಡಿಯಬೇಕು. ಕವರ್ ತೆಗೆದು, ಗಟ್ಟಿಯಾದ ಮಣ್ಣನ್ನು ಮರದ ಚಕ್ಕೆಯಿಂದ ಕೆರೆದು, ಡೀಸೆಲ್ ಹಾಕಿ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೇ ಸೀಲ್ ಸುತ್ತ ಉದುರಿಸಿ. ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಎತ್ತಿ, ಫಸ್ಟ್ ಗೇರಿನಲ್ಲಿ ಹತ್ತು ನಿಮಿಷ ಎಂಜಿನ್ ನಿಧಾನ ಓಡಲಿ. ತಿರುಗುವ ಚೈನ್ ಹತ್ತಿರ ಕೈ, ಬಟ್ಟೆ ಬೇಡ. ಎಂಜಿನ್ ಆರಿಸಿ ಟಾರ್ಚ್ ಬಿಟ್ಟರೆ ಬಿಳಿ ಪೌಡರ್ ಮೇಲೆ ಒದ್ದೆ ಗೆರೆ ಎಲ್ಲಿಂದ ಹೊರಟಿದೆ ಎಂದು ಕಾಣುತ್ತದೆ. ಗೇರ್ ಲಿವರ್ ಶಾಫ್ಟ್‌ನ ಸೀಲ್, ಕೆಲವು ಎಂಜಿನ್‌ಗಳಲ್ಲಿ ಇದೇ ಬದಿಯಲ್ಲಿರುವ ಕ್ಲಚ್ ಪುಶ್ ರಾಡ್ ಸೀಲ್, ಎಂಜಿನ್ನಿನ ಎರಡು ಕೇಸಿಂಗ್ (ಹೊರಕವಚ) ಸೇರುವ ಗೆರೆ ಎಲ್ಲವೂ ಇದೇ ಮೂಲೆಯಲ್ಲಿವೆ. ಎಲ್ಲಿ ಸೋರಿದರೂ ಹನಿ ಬೀಳುವುದು ಒಂದೇ ಕಡೆ. ಇನ್ನು ಕಪ್ಪಗೆ, ಅಂಟಂಟಾಗಿ ಇದ್ದರೆ ಅದು ಚೈನ್ ಲ್ಯೂಬ್ ಮಣ್ಣಿನ ಜೊತೆ ಬೆರೆತದ್ದು, ಸೋರಿಕೆಯೇ ಅಲ್ಲ.

ಇವತ್ತಿನ ಗಾಡಿಯಲ್ಲಿ ಸೀಲ್‌ನ ಅಂಚು ಒಣಗಿತ್ತು, ನಟ್ ಬುಡ ಒದ್ದೆ. ಅಲ್ಲಿಗೆ ಓ-ರಿಂಗ್ ಅಂತ ಗೊತ್ತಾಯಿತು.

ಆಯಿಲ್ ಬದಲಿಸುವ ಸಮಯವಾಗಿದ್ದರೆ ಇಳಿಸಿಬಿಡಿ. ನಟ್ ಬಿಚ್ಚುವಾಗ ಚೈನ್ ಹಾಕಿಯೇ ಇರಲಿ: ನಟ್ ಸಡಿಲವಾಗದಂತೆ ತಡೆಯುವ ಲಾಕ್ ವಾಷರ್‌ನ ಮಡಿಚಿದ ಅಂಚನ್ನು ಉಳಿಯಿಂದ ನೆಟ್ಟಗೆ ಮಾಡಿ, ಗೇರ್ ಹಾಕಿ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಸಾಕು. ಸ್ಪ್ರಾಕೆಟ್ ಹಲ್ಲಿಗೂ ಕೇಸಿಂಗ್‌ಗೂ ನಡುವೆ ಸ್ಕ್ರೂ ಡ್ರೈವರ್ ಸಿಕ್ಕಿಸಿ ತಡೆಯಬೇಡಿ. ಅಲ್ಯೂಮಿನಿಯಂ ಕೇಸಿಂಗ್ ಬಿರುಕು ಬಿಟ್ಟರೆ ಸೀಲ್ ಕೆಲಸ ಹೋಗಿ ಎಂಜಿನ್ ಕೆಲಸವಾಗುತ್ತದೆ.

ಸ್ಪ್ರಾಕೆಟ್ ಬಂದ ಮೇಲೆ ಕಾಲರನ್ನು ತಿರುಗಿಸುತ್ತಾ ಎಳೆಯಬೇಕು. ಬಾರದಿದ್ದರೆ ಹಳೆ ಟ್ಯೂಬಿನ ತುಂಡು ಸುತ್ತಿ ಪ್ಲೇಯರ್‌ನಲ್ಲಿ ಹಿಡಿಯಿರಿ. ಬರಿ ಪ್ಲೇಯರ್ ಬೇಡ, ಗೀರು ಬಿದ್ದ ಕಾಲರ್ ಹೊಸ ಸೀಲನ್ನೂ ತಿನ್ನುತ್ತದೆ. ಯಾವ ಮುಖ ಒಳಗಿತ್ತು ಎಂದು ಗುರುತಿಟ್ಟುಕೊಳ್ಳಿ. ಸೀಲ್ ಉಜ್ಜಿದ ಜಾಗದ ಮೇಲೆ ಉಗುರು ಆಡಿಸಿ: ಹೊಳಪು ಮಾತ್ರ ಇದ್ದರೆ ತೊಂದರೆಯಿಲ್ಲ, ಉಗುರು ಸಿಕ್ಕಿದರೆ ಕಾಲರ್ ಹೊಸದೇ ಬೇಕು. ಕಾಲರ್ ಇಲ್ಲದೆ ಸೀಲ್ ನೇರವಾಗಿ ಶಾಫ್ಟ್ ಮೇಲೆ ಕೂರುವ ಎಂಜಿನ್‌ಗಳಲ್ಲಿ (ಸ್ಪ್ರಾಕೆಟನ್ನು ಪ್ಲೇಟ್ ಮತ್ತು ಎರಡು ಬೋಲ್ಟ್ ಹಿಡಿದಿರುವ ಚಿಕ್ಕ ಗಾಡಿಗಳಲ್ಲಿ ಇದು ಹೆಚ್ಚು) ಶಾಫ್ಟ್ ಮೇಲೆ ಗೀರಿದ್ದರೆ ಹೊಸ ಸೀಲನ್ನು ಒಂದು ಮಿಲಿಮೀಟರ್ ಹೊರಗೆ ಕೂರಿಸಿದರೆ ಅದರ ತುಟಿಗೆ, ಅಂದರೆ ಶಾಫ್ಟಿಗೆ ತಾಗುವ ಒಳಅಂಚಿಗೆ, ಸವೆಯದ ಜಾಗ ಸಿಗುತ್ತದೆ.

ಈಗ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಇದನ್ನು ಯಾರೂ ಬಿಡಬಾರದು. ಕೈಗೆ ಆಟ ಗೊತ್ತಾದರೆ ಬೇರಿಂಗ್ ಹೋಗಿದೆ. ಶಾಫ್ಟ್ ಕುಣಿಯುತ್ತಿದ್ದರೆ ಸೀಲ್‌ನ ತುಟಿ ಅದರ ಜೊತೆ ಓಡಲಾರದು, ಎಂಥ ಒಳ್ಳೆ ಸೀಲ್ ಆದರೂ ಬಾಳದು. ಆಗ ಕೇಸಿಂಗ್ ತೆರೆದು ಬೇರಿಂಗ್ ಬದಲಿಸುವುದೇ ದಾರಿ.

ಸೀಲ್ ತೆಗೆಯುವ ಮುಂಚೆ ಪಾರ್ಟ್ಸ್ ಬುಕ್ಕಿನ ಚಿತ್ರ ನೋಡಿ. ಕೆಲವು ಎಂಜಿನ್‌ಗಳಲ್ಲಿ ಸೀಲ್‌ನ ಹೊರಏಣು ಎರಡು ಕೇಸಿಂಗ್‌ಗಳ ನಡುವೆ ಸಿಕ್ಕಿರುತ್ತದೆ, ಅದು ಹೊರಗಿನಿಂದ ಬಾರದು. ಕೆಲವಕ್ಕೆ ಮೇಲೊಂದು ತಡೆ ಪ್ಲೇಟ್ ಇರುತ್ತದೆ. ಉಳಿದವಕ್ಕೆ ಸೀಲ್‌ನ ಮುಖಕ್ಕೆ ಸಣ್ಣ ಸ್ಕ್ರೂ ತಿರುಗಿಸಿ ಪ್ಲೇಯರ್‌ನಿಂದ ಎಳೆಯಬಹುದು. ಸ್ಕ್ರೂ ಸೀಲ್‌ನ ತಗಡು ದಾಟಿದರೆ ಸಾಕು, ಇನ್ನೂ ಒಳಗೆ ಹೋದರೆ ಬೇರಿಂಗ್‌ಗೆ ತಾಗುತ್ತದೆ. ಹೊಸ ಸೀಲ್ ಕೊಳ್ಳಲು ಹಳೆಯದರ ಮೇಲಿನ ಮೂರು ಅಂಕಿ ಓದಿ; 20 34 7 ಎಂದಿದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ಬೆಂಗಳೂರಿನ ಜೆ.ಸಿ. ರೋಡಿನಂಥ ಕಡೆ ಈ ಅಂಕಿಯಿಂದಲೇ ಹುಡುಕಬಹುದು. ಓ-ರಿಂಗ್ ಮಾತ್ರ ಕಂಪನಿಯ ಪಾರ್ಟ್ ನಂಬರಿನದೇ ಇರಲಿ. ಅದರ ದಪ್ಪ ಕೂದಲೆಳೆಯಷ್ಟು ಕಡಿಮೆಯಾದರೂ ಒತ್ತಡ ಸಿಗದೆ ಮತ್ತೆ ಸೋರುತ್ತದೆ.

ಕೂರಿಸುವಾಗ ಹೆಚ್ಚು ಕೆಡುವುದು ತುಟಿ. ಶಾಫ್ಟ್ ಹಲ್ಲುಗಳ ಅಂಚು ಬ್ಲೇಡಿನಂತಿರುತ್ತದೆ, ಓ-ರಿಂಗ್ ಹಾಗೂ ಸೀಲ್ ದಾಟುವ ಮುನ್ನ ಮೇಲೆ ಒಂದು ಸುತ್ತು ತೆಳು ಟೇಪ್ ಸುತ್ತಿ, ಆಮೇಲೆ ತೆಗೆಯಿರಿ. ಓ-ರಿಂಗ್‌ಗೆ ಗ್ರೀಸ್ ಹಚ್ಚಿ ಅದರ ಜಾಗಕ್ಕೆ ಸೇರಿಸಿ. ಸೀಲ್‌ನ ಸ್ಪ್ರಿಂಗ್ ಕಾಣುವ ಮುಖ ಒಳಗೆ, ಆಯಿಲ್ ಕಡೆಗೆ. ತುಟಿಗೆ ಗ್ರೀಸ್, ಹೊರಸುತ್ತಿಗೆ ಒಂದು ಹನಿ ಆಯಿಲ್. ಸೀಲ್‌ಗಿಂತ ತುಸು ಚಿಕ್ಕ ಸಾಕೆಟ್ ಅಥವಾ ಪಿವಿಸಿ ಪೈಪಿನ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೇಸಿಂಗ್ ಮಟ್ಟಕ್ಕೆ ತನ್ನಿ. ಕಾಲರ್‌ನ ಇಳಿಜಾರು ಅಂಚು ಓ-ರಿಂಗ್ ಕಡೆ ಇರಬೇಕು. ತಿರುಗಿಸುತ್ತಾ ಒತ್ತಿ, ಹೊಡೆಯಬೇಡಿ, ಓ-ರಿಂಗ್ ನಡುವೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಹೊರಗಿನಿಂದ ಸಿಲಿಕಾನ್ ಮೆತ್ತುವುದು ಬೇಡ, ಅದು ಎಣ್ಣೆಯ ಮೇಲೆ ನಿಲ್ಲುವುದಿಲ್ಲ.

ಲಾಕ್ ವಾಷರ್ ಹೊಸದು, ನಟ್ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ (ಬಿಗಿಯುವ ಬಲಕ್ಕೆ). ನಟ್ ಸಡಿಲವಿದ್ದರೆ ಕಾಲರ್ ಅಲುಗಾಡಿ ಓ-ರಿಂಗನ್ನು ಅರೆದುಹಾಕುತ್ತದೆ. ಇವತ್ತಿನ ಗಾಡಿಯ ನಟ್ ಕೈಗೇ ಬರುವಷ್ಟು ಸಡಿಲವಿತ್ತು, ವಾಷರ್ ಹಳೆಯದು, ಅಂಚು ಮಡಿಚೇ ಇರಲಿಲ್ಲ.

ಇನ್ನೆರಡು ಕಡೆ ಕಣ್ಣು ಹಾಯಿಸಿ. ಒಂದು ಚೈನ್: ಅತಿ ಬಿಗಿಯಿದ್ದರೆ ಪ್ರತಿ ಹಳ್ಳದಲ್ಲೂ ಸ್ಪ್ರಾಕೆಟ್ ಇರುವ ಶಾಫ್ಟನ್ನು ಹಿಂದಕ್ಕೆ ಎಳೆದು ಬೇರಿಂಗನ್ನೂ ಸೀಲನ್ನೂ ತಿನ್ನುತ್ತದೆ. ಸಸ್ಪೆನ್ಷನ್ ಅದುಮಿ ಫ್ರಂಟ್ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಬೋಲ್ಟ್, ಹಿಂದಿನ ಆಕ್ಸಲ್ ಒಂದೇ ಗೆರೆಗೆ ಬಂದಾಗ ಚೈನ್ ಅತ್ಯಂತ ಬಿಗಿ. ಆಗಲೂ ಸ್ವಲ್ಪ ಸಡಿಲ ಉಳಿದಿರಬೇಕು. ಇನ್ನೊಂದು ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್: ಕೆಸರು ಮೆತ್ತಿಯೋ, ನಿಂತ ಗಾಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿಯೋ ಅದು ಮುಚ್ಚಿದರೆ ಎಂಜಿನ್ ಒಳಗಿನ ಒತ್ತಡ ಸೀಲ್‌ಗಳ ಮೂಲಕ ದಾರಿ ಹುಡುಕುತ್ತದೆ. ಇಲ್ಲಿ ಪೈಪಿನ ತುದಿಯಲ್ಲಿ ಒಂದು ಇಂಚು ಕೆಂಪು ಮಣ್ಣು ಬಂತು.

ಆಯಿಲ್ ಅಳತೆ ಸರಿಮಾಡಿ, ಟೈರಿನ ಎಡಬದಿಗೆ ಸಿಡಿದ ಆಯಿಲನ್ನು ಸೋಪಿನ ನೀರಲ್ಲಿ ತೊಳೆದು, ಮತ್ತೆ ಪೌಡರ್ ಹಾಕಿ ಇಪ್ಪತ್ತು ನಿಮಿಷ ಓಡಿಸಿದ್ದಾಯಿತು. ಪೌಡರ್ ಬೆಳ್ಳಗೇ ಇದೆ. ಐವತ್ತು ಕಿಲೋಮೀಟರ್ ಆದ ಮೇಲೆ ಕವರ್ ತೆಗೆದು ನಟ್ ಬುಡ ಇನ್ನೊಮ್ಮೆ ನೋಡಬೇಕು.