ಹೆಡ್‌ಲೈಟಿಗೆ ಹಳದಿ ಫಿಲ್ಮ್: ಮೂಡಿಗೆರೆಯ ಶೆಡ್ಡಿನಿಂದ ಕೆಲಸದ ವರದಿ

ಮೇ ಕೊನೆ, ಸಾಮಾನು ತಂದಿದ್ದು

ಮಳೆ ಹಿಡಿಯುವ ಮೊದಲು ಕಾರಿನ ಹೆಡ್‌ಲೈಟಿಗೆ ಹಳದಿ ಫಿಲ್ಮ್ ಹಾಕಿ ನೋಡಬೇಕು ಅಂತ ಹೊರಟಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಹಾರದ ಕಡೆ ಸಂಜೆ ಓಡಾಡುವವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಮಂಜು ಕವಿದರೆ ರಸ್ತೆಯಂಚಿನ ಬಿಳಿ ಗೆರೆಯೇ ಗತಿ. ನಮ್ಮ ಕಡೆ ಹಳದಿ ದೀಪದ ಜೀಪು, ಪಿಕಪ್‌ಗಳಿಗೆ ಬರವಿಲ್ಲ. "ಹಳದಿ ಮಂಜನ್ನ ಸೀಳುತ್ತೆ" ಅನ್ನುವ ಮಾತನ್ನು ಇಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಅದನ್ನು ಅಳೆದೇ ನೋಡೋಣ ಅನ್ನಿಸಿತು.

ಚಿಕ್ಕಮಗಳೂರಿನ ರೇಡಿಯಂ ಅಂಗಡಿಯಲ್ಲಿ ಮೂರು ಬಗೆಯ ತುಂಡು ತಂದೆ: ತೆಳು ಹಳದಿ, ಸ್ಮೋಕ್ (ಹೊಗೆಗಪ್ಪು), ಬಣ್ಣವಿಲ್ಲದ ಟಿಪಿಯು (ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್). ಅಂಗಡಿಯವನ ಒಲವೆಲ್ಲ ಸ್ಮೋಕ್ ಕಡೆಗೆ.

"ಸ್ಮೋಕ್ ಹಾಕ್ಸಿ ಸಾರ್, ಗಾಡಿಗೆ ಒಂದು ಲುಕ್ ಬರುತ್ತೆ."

"ಪೊಲೀಸ್ನೋರು ಬಿಡ್ತಾರೇನಪ್ಪ?"

"ಆ ರೂಲ್ಸು ಗ್ಲಾಸಿಗೆ ಸಾರ್, ಲೈಟಿಗಲ್ಲ."

2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ತೆಗೆಸಿದ್ದು ಗಾಡಿಯ ಗಾಜುಗಳಿಂದ, ಅಷ್ಟರಮಟ್ಟಿಗೆ ಅವನ ಮಾತು ಸರಿ. ಆದರೆ ರಾತ್ರಿ ದಾರಿ ಕಾಣದಿದ್ದರೆ ದಂಡ ಕಟ್ಟುವವನು ನಾನೇ. ಸ್ಮೋಕ್ ತಂದಿದ್ದು ಅಳತೆಗಷ್ಟೇ.

ಲೆನ್ಸ್ ತಿಕ್ಕಿದ್ದು

ಕಾರು 2013ರದ್ದು, ಎಚ್4 ಹ್ಯಾಲೊಜೆನ್ ಬಲ್ಬು, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಲೆನ್ಸು. ಯಾವ ಕಂಪನಿಯ ಪಾಲಿಕಾರ್ಬೊನೇಟ್ ಆದರೂ ಬಿಸಿಲಿಗೆ ನಿಂತರೆ ಹಳದಿಯಾಗುತ್ತದೆ. ಮೇಲೊಂದು ಗಟ್ಟಿ ಲೇಪ ಕೊಟ್ಟಿರುತ್ತಾರೆ. ಅತಿನೇರಳೆ ಕಿರಣಕ್ಕೆ ಆ ಲೇಪ ಸಾಯುತ್ತದೆ, ಆಮೇಲೆ ಪ್ಲಾಸ್ಟಿಕ್ಕೇ ಮಂಕಾಗುತ್ತದೆ. ಅದರ ಮೇಲೆ ಫಿಲ್ಮ್ ಅಂಟಿಸಿದರೆ ಮಂಕನ್ನೇ ಮುಚ್ಚಿಟ್ಟ ಹಾಗಾಗುತ್ತದೆ. ಹಾಗಾಗಿ ಮೊದಲು ತಿಕ್ಕುವ ಕೆಲಸ.

ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು. ಆಮೇಲೆ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಪ್ಪುಕಾಗದ, ನಂಬರ್ ಏರಿದಷ್ಟೂ ನುಣುಪು), 800ರಿಂದ ಶುರು. ನೀರು ಬಿಡುತ್ತಾ ಒಂದೇ ದಿಕ್ಕಿಗೆ ಎಳೆಯಬೇಕು, ಮುಂದಿನ ನಂಬರಿಗೆ ಹೋದಾಗ ಅಡ್ಡಕ್ಕೆ. ಹಿಂದಿನ ಗೀರು ಉಳಿದಿದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ. ಮೊದಮೊದಲು ಬಂಪರ್ ಮೇಲೆ ಇಳಿಯುವ ನೀರು ಹಳದಿ, ಅರಿಶಿನ ಕದಡಿದಂಥ ಬಣ್ಣ. ತಿಕ್ಕುತ್ತಾ ಹೋದಂತೆ ಅದು ಅಪ್ಪಟ ಬಿಳಿಯಾಗುತ್ತದೆ. ನೀರು ಬಿಳಿಯಾದರೆ ಸತ್ತ ಲೇಪ ಪೂರ್ತಿ ಹೋಯಿತೆಂದು ಅರ್ಥ. ಬಲಗಡೆಯ ಮೇಲಂಚಿನಲ್ಲಿ ಮಾತ್ರ ಹಳದಿ ಬಹಳ ಹೊತ್ತು ಜಗ್ಗಲಿಲ್ಲ. ಕಾರು ನಿಲ್ಲುವ ಜಾಗದಲ್ಲಿ ಮಧ್ಯಾಹ್ನದ ಬಿಸಿಲು ಬೀಳುವುದು ಆ ಕಡೆಗೇ. 1500, 2000, 3000, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಭುಜ ಹಿಡಿದುಕೊಂಡಿತು, ಲೆನ್ಸು ಗಾಜಿನ ಲೋಟದಷ್ಟು ಸ್ವಚ್ಛವಾಯಿತು.

ಈ ಹೊಳಪು ನೋಡಿ ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಈಗ ಪ್ಲಾಸ್ಟಿಕ್ಕಿನ ಮೇಲೆ ಕಾವಲೇ ಇಲ್ಲ. ಹಾಗೇ ಬಿಟ್ಟರೆ ಮೊದಲಿಗಿಂತ ಬೇಗ ಮಂಕಾಗುತ್ತದೆ. ನನ್ನ ಮಟ್ಟಿಗೆ ಫಿಲ್ಮಿನ ದೊಡ್ಡ ಪ್ರಯೋಜನ ಇದೇ: ಹೋದ ಲೇಪದ ಜಾಗದಲ್ಲಿ ಅದು ಕೂರುತ್ತದೆ. ಬಣ್ಣ ಯಾವುದು ಅನ್ನುವುದು ಆಮೇಲಿನ ಚರ್ಚೆ.

ಗೋಡೆಯ ಮೇಲೆ ಅಳತೆ

ಶೆಡ್ಡಿನ ಗೋಡೆಗೆ ಮೂರು ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ಲೋ ಬೀಮಿನ ಅತಿ ಬೆಳಕಿನ ಜಾಗಕ್ಕೆ ಫೋನ್ ಅಂಟಿಸಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿದೆ. ಫೋನಿನ ಸಂಖ್ಯೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಒಂದಕ್ಕೊಂದು ಹೋಲಿಸಲು ಸಾಕು. ಇಂಜಿನ್ ಓಡುತ್ತಿರಲೇಬೇಕು. ಬ್ಯಾಟರಿಯೊಂದರಿಂದ ಹನ್ನೆರಡೂವರೆ ವೋಲ್ಟ್ ಸಿಕ್ಕರೆ, ಆಲ್ಟರ್ನೇಟರ್ ತಿರುಗುವಾಗ ಹದಿನಾಲ್ಕರ ಹತ್ತಿರ ಹೋಗುತ್ತದೆ. ಹ್ಯಾಲೊಜೆನ್ ಬಲ್ಬಿಗೆ ಅಷ್ಟು ವ್ಯತ್ಯಾಸ ಸಿಕ್ಕರೆ ಬೆಳಕು ಕಾಲು ಭಾಗಕ್ಕಿಂತ ಹೆಚ್ಚೇ ಏರುತ್ತದೆ, ಅಳತೆಯೆಲ್ಲ ಕೆಡುತ್ತದೆ.

ತಿಕ್ಕುವ ಮೊದಲು 410 ತೋರಿಸಿದ್ದು ತಿಕ್ಕಿದ ಮೇಲೆ 690. ಬಣ್ಣವಿಲ್ಲದ ಫಿಲ್ಮ್ ಹಿಡಿದರೆ 665, ಹಳದಿಗೆ 600, ಸ್ಮೋಕ್ ಹಿಡಿದರೆ 320. ಅಂದರೆ ಅಷ್ಟೆಲ್ಲ ತಿಕ್ಕಿ ಸ್ಮೋಕ್ ಅಂಟಿಸಿದರೆ ಹಳೇ ಮಂಕು ಲೆನ್ಸಿಗಿಂತ ಕಡಿಮೆ ಬೆಳಕು! ಸ್ಮೋಕ್ ತುಂಡನ್ನು ಅಕ್ಕನ ಮಗ ತನ್ನ ಬೈಕಿನ ವೈಸರಿಗೆ ಕೇಳಿದ, ಕೊಡಲಿಲ್ಲ.

ಹಳದಿಗೆ ಅಷ್ಟೇನೂ ನಷ್ಟವಾಗದಿರುವುದಕ್ಕೆ ಕಾರಣ ಇದೆ. ಹಳದಿ ಫಿಲ್ಮ್ ತಡೆಯುವುದು ನೀಲಿಯನ್ನು, ಹ್ಯಾಲೊಜೆನ್ ಬೆಳಕಿನಲ್ಲಿ ನೀಲಿ ಮೊದಲೇ ಕಡಿಮೆ.

ಎಡಗಡೆಗೆ ಹಳದಿ

ಮೊದಲು ಎಡಗಡೆಗೆ ಮಾತ್ರ, ಬಲಗಡೆ ಬರಿ ಲೆನ್ಸು, ಹೋಲಿಸುವುದಕ್ಕೆ ಅಂತ. ಬೆಳಗ್ಗೆ ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದೆವು. ಒಂದು ಸ್ಪ್ರೇ ಬಾಟಲಿಯಲ್ಲಿ ನೀರಿಗೆ ನಾಲ್ಕು ತೊಟ್ಟು ಬೇಬಿ ಶಾಂಪೂ, ಫಿಲ್ಮ್ ಜಾರಲಿ ಅಂತ. ಇನ್ನೊಂದರಲ್ಲಿ ನೀರು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್, ಬೇಕಾದ ಕಡೆ ಕಚ್ಚಿ ಹಿಡಿಯಲಿ ಅಂತ.

ಫಿಲ್ಮನ್ನು ಸುತ್ತಲೂ ಎರಡಿಂಚು ಹೆಚ್ಚು ಬಿಟ್ಟು ಕತ್ತರಿಸಿದೆ. ಹಿಂದಿನ ಕಾಗದ ಬಿಡಿಸುವಾಗ ಇನ್ನಿಬ್ಬರು ಇದ್ದರೆ ಒಳ್ಳೆಯದು; ಅಕ್ಕನ ಮಗ ಒಬ್ಬನೇ ಸಿಕ್ಕಿದ. "ಮಾವ, ಇದು ಕೈಗೇ ಅಂಟ್ಕೊಳ್ತಾ ಇದೆ" ಅಂದ. ಬೆರಳಿಗೂ ಶಾಂಪೂ ನೀರು ಹೊಡೆದುಕೋ ಅಂದೆ. ಅಂಟಿನ ಕಡೆಗೂ ಲೆನ್ಸಿಗೂ ಧಾರಾಳವಾಗಿ ನೀರು ಹೊಡೆದು ಕೂರಿಸಿ, ನಡುವಿನಿಂದ ಹೊರಕ್ಕೆ ಸ್ಕ್ವೀಜಿ (ನೀರು ಒತ್ತಿ ತೆಗೆಯುವ ಪಟ್ಟಿ) ಎಳೆಯುತ್ತಾ ಹೋದೆ.

ಚಪ್ಪಟೆ ಜಾಗದಲ್ಲಿ ಕಷ್ಟವಿಲ್ಲ. ಹೆಡ್‌ಲೈಟ್ ಫೆಂಡರ್ ಕಡೆಗೆ ಚೂಪಾಗಿ ತಿರುಗುವ ಮೂಲೆಯಲ್ಲಿ ಎರಡು ದಿಕ್ಕಿಗೂ ಬಾಗು ಇದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬೆರಳಿನಾಕಾರದ ಮಡಿಕೆ ಏಳುತ್ತದೆ. ಆ ಮಡಿಕೆಯನ್ನು ಸ್ಕ್ವೀಜಿಯಿಂದ ತುಳಿದರೆ ಗೆರೆ ಶಾಶ್ವತ. ಮಡಿಕೆ ಎದ್ದ ಜಾಗದವರೆಗೂ ಫಿಲ್ಮ್ ಎತ್ತಿ, ಮೂಲೆಗೆ ಆಲ್ಕೊಹಾಲ್ ನೀರು ಹೊಡೆದು ಕಚ್ಚಿಸಿ, ಹೇರ್ ಡ್ರೈಯರ್‌ನಿಂದ ಬಿಸಿ ಕೊಟ್ಟು, ಮಡಿಕೆಯನ್ನು ಮೂರ್ನಾಲ್ಕು ಸಣ್ಣ ಮಡಿಕೆಗಳಾಗಿ ಒಡೆದು ಒಂದೊಂದನ್ನೇ ಹೆಬ್ಬೆರಳಿನಿಂದ ಹೊರಕ್ಕೆ ತಳ್ಳಬೇಕು. ಹೀಟ್ ಗನ್ ಇತ್ತು, ಮುಟ್ಟಲಿಲ್ಲ. ಅದರ ಬಿಸಿಗೆ ಫಿಲ್ಮ್ ಯಾವಾಗ ತೆಳುವಾಗಿ ಹರಿಯುತ್ತದೋ ಹೇಳಲಾಗದು. ಮಧ್ಯಾಹ್ನದ ಊಟ ಆರಿತು.

ಅಂಚನ್ನು ಹೊಸ ಬ್ಲೇಡಿನಲ್ಲಿ ಲೆನ್ಸಿನ ಕೊನೆಗಿಂತ ಎರಡು ಮಿಲಿಮೀಟರ್ ಒಳಗೆ ಕತ್ತರಿಸಿದೆ. ಪೂರ್ತಿ ಕೊನೆಯವರೆಗೆ ಬಿಟ್ಟರೆ ಬಾನೆಟ್ ಸಂದಿಯ ಕೆಸರು ಅದರಡಿ ಸೇರಿಕೊಂಡು ಎಬ್ಬಿಸುತ್ತದೆ. ಬ್ಲೇಡಿಗೆ ಭಾರ ಬೇಡ, ಅದರ ತೂಕವೇ ಸಾಕು. ಒಳಗೆ ಉಳಿದ ನೀರಿನ ಮಬ್ಬು ಒಂದೆರಡು ಬಿಸಿಲಿಗೆ ತಾನೇ ಆರುತ್ತದೆ, ಸೂಜಿ ಚುಚ್ಚುವ ಅಗತ್ಯವಿಲ್ಲ.

ಜೂನ್, ಚಾರ್ಮಾಡಿಯಲ್ಲಿ

ಮೊದಲ ಮಂಜಿಗೆ ಕೊಟ್ಟಿಗೆಹಾರ ದಾಟಿ ಘಾಟಿ ಇಳಿದೆವು. ನೀರುದೋಸೆ ಹೋಗುವಾಗಲೇ ಆಯಿತು, ಬರುವಾಗ ಅಂಗಡಿ ಇರುತ್ತೋ ಇಲ್ಲವೋ. ಸುರಕ್ಷಿತವಾದ ಕಡೆ ಕಾರು ನಿಲ್ಲಿಸಿ ಒಂದೊಂದೇ ದೀಪಕ್ಕೆ ರಟ್ಟು ಮುಚ್ಚಿ ನೋಡಿದ್ದಾಯಿತು.

ದೂರ ಕಾಣುವುದರಲ್ಲಿ ವ್ಯತ್ಯಾಸ ಇಲ್ಲ. ಬಿಳಿಯಲ್ಲಿ ಯಾವ ಗೂಟದ ಕಲ್ಲು ಕಂಡಿತೋ ಹಳದಿಯಲ್ಲೂ ಅದೇ ಕಲ್ಲು. ಆಕಾಶವನ್ನು ನೀಲಿ ಮಾಡುವ ಚದುರುವಿಕೆಯಲ್ಲಿ ನೀಲಿ ಹೆಚ್ಚು ಚದುರುತ್ತದೆ, ಅದಕ್ಕೆ ಹಳದಿ ಗೆಲ್ಲುತ್ತದೆ ಅಂತ ವಾದ ಮಾಡುತ್ತಾರೆ. ಅದು ಗಾಳಿಯ ಅಣುಗಳ ಲೆಕ್ಕ. ಮಂಜಿನ ಹನಿ ಬೆಳಕಿನ ಅಲೆಯುದ್ದಕ್ಕಿಂತ ಹತ್ತಾರು ಪಟ್ಟು ದೊಡ್ಡದು, ಅದರ ಮುಂದೆ ಎಲ್ಲ ಬಣ್ಣವೂ ಹೆಚ್ಚುಕಡಿಮೆ ಒಂದೇ ಸಮ ಚದುರುತ್ತದೆ. ಫ್ರಾನ್ಸಿನಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಿತ್ತು, ಕೊನೆಗೆ ಅವರೂ ಬಿಟ್ಟರು.

ಒಂದು ಮಾತು ಹಳದಿಯ ಪರವಾಗಿ. ಮಂಜಿನಿಂದ ಕಣ್ಣಿಗೆ ವಾಪಸ್ ಹೊಡೆಯುವ ಬಿಳಿ ತೆರೆ ಹಳದಿಯಲ್ಲಿ ಅಷ್ಟು ಚುಚ್ಚುವುದಿಲ್ಲ. ಅಕ್ಕನ ಮಗನಿಗೂ ಹಾಗೇ ಅನ್ನಿಸಿತು. ಅವನಿಗೆ ಮೊದಲೇ ನಾನು ಹೇಳಿಬಿಟ್ಟಿದ್ದೆ, ಆದ್ದರಿಂದ ಅವನ ಸಾಕ್ಷಿಗೆ ಬೆಲೆ ಕಡಿಮೆ. ನಿಜವಾಗಿ ಲಾಭ ಕೊಟ್ಟಿದ್ದು ದೀಪ ಎಷ್ಟು ಕೆಳಗಿದೆ ಅನ್ನುವುದು. ಬಂಪರಿನ ಫಾಗ್ ಲ್ಯಾಂಪ್ ಒಂದನ್ನೇ ಹಚ್ಚಿದಾಗ ಬಿಳಿ ಗೆರೆ ಹೆಡ್‌ಲೈಟಿಗಿಂತ ಚೆನ್ನಾಗಿ ಕಂಡಿತು.

ಈಗಿನ ಸ್ಥಿತಿ

ಎಡಗಡೆಯ ಹಳದಿ ತೆಗೆದಾಯಿತು. ಡ್ರೈಯರ್ ಬಿಸಿ ಕೊಡುತ್ತಾ, ಲೆನ್ಸಿಗೆ ಒರಗಿದಂತೆ ನಿಧಾನ ಎಳೆದರೆ ಅಂಟು ಉಳಿಯುವುದಿಲ್ಲ. ಉಳಿದ ಚೂರಿಗೆ ಐಸೊಪ್ರೊಪೈಲ್ ಸಾಕು. ಥಿನ್ನರ್ ಮಾತ್ರ ಹತ್ತಿರಕ್ಕೂ ತರಬೇಡಿ, ಪಾಲಿಕಾರ್ಬೊನೇಟ್ ಒಳಗೊಳಗೇ ಬಿರುಕು ಬಿಡುತ್ತದೆ. ಎರಡೂ ಹೆಡ್‌ಲೈಟಿಗೆ ಬಣ್ಣವಿಲ್ಲದ ಟಿಪಿಯು ಕೂತಿದೆ, ಮಳೆಯಲ್ಲೂ ಬಲಗಡೆಯ ಮೂಲೆ ಎದ್ದಿಲ್ಲ.

ಉಳಿದ ಹಳದಿಯಲ್ಲಿ ಫಾಗ್ ಲ್ಯಾಂಪಿಗೆ ಎರಡು ಬಿಲ್ಲೆ ಕತ್ತರಿಸಿಟ್ಟಿದ್ದೇನೆ. ಲೆನ್ಸು ಚಿಕ್ಕದು, ಬಲ್ಬು ಹತ್ತಿರ, ಬಿಸಿ ಜಾಸ್ತಿ. ಈ ಹಳದಿ ಪಿವಿಸಿಯದ್ದು. ಅರ್ಧ ಗಂಟೆ ನಿಂತಲ್ಲೇ ಉರಿಸಿ, ಸುಕ್ಕಾಗುತ್ತದೋ ನೋಡಿಕೊಂಡು ಘಾಟಿಗೆ ಒಯ್ಯುವುದು. ಸುಕ್ಕಾದರೆ ಹಳದಿ ಟಿಪಿಯುಗೆ ಮತ್ತೆ ಚಿಕ್ಕಮಗಳೂರು.