ಎರಡು ಜಾಡಿನ ಟೇಪಿನಿಂದ ಕಂಪ್ಯೂಟರಿಗೆ: ಭಾಷಾ ಪ್ರಯೋಗಾಲಯದ ಕೆಲಸ ಎಲ್ಲಿಗೆ ಬಂತು

ಕಳೆದ ಟಿಪ್ಪಣಿಯ ಬಳಿಕ ಆದದ್ದು ಇಷ್ಟು: ಹಳೆಯ ಕನ್ಸೋಲನ್ನು (ಶಿಕ್ಷಕರು ಎಲ್ಲ ಬೂತುಗಳನ್ನೂ ನಿಯಂತ್ರಿಸುವ ಮೇಜು) ಪೂರ್ತಿ ಬಿಚ್ಚಿಯಾಗಿದೆ, ಪಾಠದ ಕ್ಯಾಸೆಟ್‌ಗಳಲ್ಲಿ ಮುಕ್ಕಾಲು ಪಾಲು ಡಿಜಿಟಲ್ ಆಗಿವೆ, ಅಭ್ಯಾಸದ ಪ್ರೋಗ್ರಾಂ ನಾಲ್ಕು ಕಂಪ್ಯೂಟರ್‌ಗಳಲ್ಲಿ ಓಡುತ್ತಿದೆ. ಹೊಸದಾಗಿ ಓದುವವರಿಗೆ ಒಂದು ಮಾತು. ಕಾಲೇಜೊಂದು ಕೈಬಿಟ್ಟಿದ್ದ ಕ್ಯಾಸೆಟ್ ಕಾಲದ ಭಾಷಾ ಪ್ರಯೋಗಾಲಯವನ್ನು ಗೆಳೆಯರು ಸೇರಿ ತಂದುಕೊಂಡೆವು. ಒಬ್ಬೊಬ್ಬರೂ ಒಂದೊಂದು ಬೂತಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಕೇಳಿ ಕೇಳಿ ಮಾತು ಕಲಿಯುವ ಕೋಣೆ ಅದು. ಬೆಂಗಳೂರಿನಲ್ಲಿ ಕನ್ನಡ ಕಲಿಯುವ ಹೊರನಾಡಿನವರಿಗಾಗಿ ನಾವು ನಡೆಸುವ ಸಂಜೆ ತರಗತಿಗೆ ಅದನ್ನೇ ಸಾಫ್ಟ್‌ವೇರಿನಲ್ಲಿ ಮತ್ತೆ ಕಟ್ಟುತ್ತಿದ್ದೇವೆ.

ಈ ಯಂತ್ರಗಳನ್ನು ಬರೀ ಟೇಪ್ ರೆಕಾರ್ಡರ್ ಎಂದುಕೊಂಡವರೇ ಹೆಚ್ಚು. ಅವುಗಳ ಜಾಣತನವೆಲ್ಲ ಎರಡು ಜಾಡುಗಳಲ್ಲಿದೆ, ಎಂದರೆ ಒಂದೇ ಟೇಪಿನಲ್ಲಿ ಅಕ್ಕಪಕ್ಕ ಓಡುವ ದನಿಯ ಎರಡು ಪಟ್ಟಿಗಳಲ್ಲಿ. ಒಂದರಲ್ಲಿ ಶಿಕ್ಷಕರ ದನಿ. ಕಲಿಯುವವನು ಯಾವ ಗುಂಡಿ ಒತ್ತಿದರೂ ಅದು ಅಳಿಯುವುದಿಲ್ಲ. ಇನ್ನೊಂದು ಅವನ ದನಿಗೆ. ಅದನ್ನು ಎಷ್ಟು ಸಲ ಬೇಕಾದರೂ ಅಳಿಸಿ ಮತ್ತೆ ತುಂಬಬಹುದು. ಹಿಂದಕ್ಕೆ ಸುತ್ತಿದರೆ ‘ಹುಲಿ’ ಎಂದು ಶಿಕ್ಷಕರು, ಬೆನ್ನಲ್ಲೇ ತಾನು. ‘ಹುಳಿ’ ಎಂದು ಶಿಕ್ಷಕರು, ಬೆನ್ನಲ್ಲೇ ಮತ್ತೆ ತಾನು. ವ್ಯತ್ಯಾಸ ಅವನ ಕಿವಿಗೇ ಬೀಳುತ್ತದೆ, ಬೇರೆಯವರು ತಿದ್ದುವ ಮೊದಲೇ. 1957ರಲ್ಲಿ ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿತು, ತಾನು ಹಿಂದೆ ಬಿದ್ದೆನೆಂಬ ಭಯದಿಂದ ಮರುವರ್ಷ ಅಮೆರಿಕ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯನ್ನು ತಂದಿತು. ಆ ಕಾಯ್ದೆಯ ಹಣದಿಂದ ಅಲ್ಲಿನ ಶಾಲೆಗಳಲ್ಲಿ ಇಂಥ ಕೋಣೆಗಳು ಎದ್ದವು. ಅರ್ಥವಿಲ್ಲದ ಗಿಳಿಪಾಠ ಮಾಡಿಸಿ ಮಾಡಿಸಿ ಅವು ಹೆಸರು ಕೆಡಿಸಿಕೊಂಡದ್ದೂ ನಿಜ. ಆದರೆ ಕೆಟ್ಟದ್ದು ಪಾಠ, ಎರಡು ಜಾಡಿನ ಉಪಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾರ್ಡ್‌ವೇರ್ ಬಿಟ್ಟು ಸಾಫ್ಟ್‌ವೇರಿಗೆ ಹೋಗುವ ಭರಾಟೆಯಲ್ಲಿ ಅನೇಕರು ಈ ಉಪಾಯವನ್ನೇ ಬಿಟ್ಟು, ಪರದೆಯ ಮೇಲೆ ಬಹು ಆಯ್ಕೆಯ ಪ್ರಶ್ನೆಗಳನ್ನು ತುಂಬಿದ್ದಾರೆ. ಅದು ನನಗೆ ಬೇಸರ ತರುತ್ತದೆ.

ಕ್ಯಾಸೆಟ್ ಕೆಲಸದ ವಿಚಾರ. ಡೆಕ್‌ಗಳ ರಬ್ಬರ್ ಬೆಲ್ಟುಗಳು ಕರಗಿ ಡಾಂಬರಿನಂತಾಗಿದ್ದವು. ಎಲ್ಲವನ್ನೂ ಬದಲಿಸಿ, ಹೆಡ್‌ಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆವು. ಪಾಠದ ಜಾಡು ಮಾಮೂಲಿ ಡೆಕ್‌ನಲ್ಲಿ ಚೆನ್ನಾಗಿಯೇ ಕೇಳಿಸಿತು. ವಿದ್ಯಾರ್ಥಿಯ ಜಾಡು ಎಲ್ಲೂ ಸಿಗಲಿಲ್ಲ. ಮನೆಯ ಕ್ಯಾಸೆಟ್‌ನಲ್ಲಿ ‘ಬಿ’ ಬದಿ ಇರುವ ಜಾಗವನ್ನು ಈ ಯಂತ್ರಗಳು ವಿದ್ಯಾರ್ಥಿಗೆ ಕೊಟ್ಟಿದ್ದವು, ಅದೂ ‘ಎ’ ಬದಿ ಓಡುವ ದಿಕ್ಕಿನಲ್ಲೇ. ಹಾಗಾಗಿ ಕ್ಯಾಸೆಟ್ಟನ್ನು ಮಗುಚಿ ಹಾಕಿದರೆ ಮಾತು ಹಿಂದುಮುಂದಾಗಿ ಬರುತ್ತದೆ. ಹಾಗೆಯೇ ಧ್ವನಿಮುದ್ರಿಸಿಕೊಂಡು ಆಡಾಸಿಟಿ ಎಂಬ ದನಿ ಸಂಪಾದನೆಯ ಪ್ರೋಗ್ರಾಂನಲ್ಲಿ ತಿರುಗಿಸಿದೆವು. ಯಾವುದೋ ಕಾಲದ ವಿದ್ಯಾರ್ಥಿಯೊಬ್ಬರು ‘ಬಳೆ’ ಎನ್ನಲು ಪಡುವ ಪಾಡು ಸ್ಪಷ್ಟವಾಗಿ ಕೇಳಿಸಿತು. ಆ ದನಿಗಳನ್ನು ನಾವು ಉಳಿಸಿಕೊಳ್ಳಲಿಲ್ಲ. ಅವು ಅವರವರ ಸ್ವಂತದ್ದು.

ಪ್ರತಿ ಪಾಠವೂ ಈಗ 48 ಕಿಲೋಹರ್ಟ್ಸ್ (ಸೆಕೆಂಡಿಗೆ ದನಿಯ 48,000 ಮಾದರಿಗಳು), 16 ಬಿಟ್‌ನ, ಒಂದೇ ಚಾನಲ್‌ನ ಕಡತ. ಅರ್ಧ ಗಂಟೆಗೆ ಸುಮಾರು 173 ಮೆಗಾಬೈಟ್. ತರಗತಿಗೆ ಹಂಚುವ ಪ್ರತಿಯನ್ನು ಓಪಸ್ ಎಂಬ, ದನಿಯ ಕಡತವನ್ನು ಕುಗ್ಗಿಸುವ ವಿಧಾನದಲ್ಲಿ ಸೆಕೆಂಡಿಗೆ 32 ಕಿಲೋಬಿಟ್‌ಗೆ ಇಳಿಸಿದರೆ ಅದೇ ಅರ್ಧ ಗಂಟೆ ಏಳು ಮೆಗಾಬೈಟ್ ಚಿಲ್ಲರೆಯಲ್ಲಿ ಮುಗಿಯುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಹೆಡ್‌ಫೋನ್. ಹಳೆಯ ಬೂತಿನಲ್ಲಿ ಮಾತನಾಡಿದ ಕ್ಷಣವೇ ತನ್ನ ದನಿ ಕಿವಿಗೆ ಬರುತ್ತಿತ್ತು. ನಡುವೆ ಇದ್ದದ್ದು ತಂತಿ ಮತ್ತು ಆಂಪ್ಲಿಫೈಯರ್ ಮಾತ್ರ. ಕಂಪ್ಯೂಟರಿನಲ್ಲಿ ದನಿ ಬಫರ್‌ಗಳನ್ನು, ಎಂದರೆ ದನಿಯ ತುಣುಕುಗಳು ತುಸು ಹೊತ್ತು ಕಾಯುವ ಜಾಗಗಳನ್ನು, ದಾಟಿ ಬರಬೇಕು. 256 ಮಾದರಿಗಳ ಒಂದು ಬಫರ್ ಎಂದರೆ 5.3 ಮಿಲಿಸೆಕೆಂಡ್, ಆದರೆ ಒಳಗೆ ಬರುವಾಗ, ಹೊರಗೆ ಹೋಗುವಾಗ, ನಡುವೆ ಪ್ರೋಗ್ರಾಂನಲ್ಲಿ ಅದು ಸೇರುತ್ತಲೇ ಹೋಗುತ್ತದೆ, ಹಳೆಯ ಕಂಪ್ಯೂಟರಿಗೆ ದೊಡ್ಡ ಬಫರ್ ಇಲ್ಲದಿದ್ದರೆ ದನಿ ಒಡೆಯುತ್ತದೆ. ತನ್ನ ದನಿ ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿದರೆ ನಾಲಿಗೆ ತೊಡರುತ್ತದೆ ಎಂಬುದು 1950ರ ದಶಕದಿಂದಲೂ ಗೊತ್ತಿರುವ ಸಂಗತಿ. ಅದಕ್ಕಿಂತ ಬಹಳ ಕಡಿಮೆ ತಡವೂ ಹೊಸ ಭಾಷೆ ಕಲಿಯುವವರಿಗೆ ಕಿರಿಕಿರಿಯೇ. ಪರಿಹಾರ ಸಿಕ್ಕಿದ್ದು ಸಾಫ್ಟ್‌ವೇರಿನ ಹೊರಗೆ: ಕಡಿಮೆ ಬೆಲೆಯ ಕೆಲವು ಯುಎಸ್‌ಬಿ ಸೌಂಡ್ ಅಡಾಪ್ಟರ್‌ಗಳಲ್ಲಿ ಮೈಕ್‌ನ ದನಿಯನ್ನು ಚಿಪ್‌ನ ಒಳಗೇ ಹೆಡ್‌ಫೋನಿಗೆ ದಾಟಿಸುವ ಸೌಲಭ್ಯವಿದೆ. ಲಿನಕ್ಸ್‌ನಲ್ಲಿ ದನಿಯ ಮಟ್ಟ ಹೊಂದಿಸುವ ಅಲ್ಸಾಮಿಕ್ಸರ್ ಎಂಬ ಪ್ರೋಗ್ರಾಂನಲ್ಲಿ ಮೈಕ್ ಪ್ಲೇಬ್ಯಾಕ್ ಏರಿಸಿದರೆ ಸಾಕು. ಹಳೆಯ ಬೂತಿನ ಆ ಗುಣ ಹಾಗೇ ಮರಳಿತು.

ಕಂಪ್ಯೂಟರಿನ ಇದೇ ತಡದಿಂದ ವಿದ್ಯಾರ್ಥಿಯ ಧ್ವನಿಮುದ್ರಣ ಪಾಠದ ಜಾಡಿಗಿಂತ ಹಿಂದೆ ಬೀಳುತ್ತದೆ. ಅದನ್ನು ಹೊಂದಿಸಲು ಪ್ರತಿ ಕಂಪ್ಯೂಟರಿನಲ್ಲೂ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಕೇಬಲ್ ಹಾಕಿ, ‘ಟಕ್’ ಎಂಬ ಸದ್ದು ಹೋಗಿಬರುವ ಹೊತ್ತನ್ನು ಅಳೆದು ಬರೆದಿಟ್ಟಿದ್ದೇವೆ.

ಶಿಕ್ಷಕರ ಕನ್ಸೋಲಿನ ಜಾಗಕ್ಕೆ ಮಂಬಲ್ ಎಂಬ, ನೆಟ್‌ವರ್ಕ್ ಮೂಲಕ ಮಾತನಾಡುವ ಪ್ರೋಗ್ರಾಂನ ಸರ್ವರ್ ಬಂದಿದೆ. ವೈಫೈ ಬೇಡವೆಂದು ಬೂತುಗಳ ಹಳೆಯ ಕೇಬಲ್ ಹಾದಿಯಲ್ಲೇ ನೆಟ್‌ವರ್ಕ್ ತಂತಿ ಎಳೆದೆವು. ಹಳೆಯ ಕನ್ಸೋಲಿನಲ್ಲಿ ಶಿಕ್ಷಕರು ವಿದ್ಯಾರ್ಥಿಗೆ ತಿಳಿಯದಂತೆ ಕೇಳಿಸಿಕೊಳ್ಳಬಹುದಿತ್ತು. ಅದನ್ನು ನಾವು ಮುಂದುವರಿಸುತ್ತಿಲ್ಲ: ಶಿಕ್ಷಕರು ಕೇಳುತ್ತಿರುವಾಗ ವಿದ್ಯಾರ್ಥಿಯ ಪರದೆಯ ಮೇಲೆ ಹಸಿರು ಗುರುತು ಕಾಣಲೇಬೇಕು.

ಇನ್ನು ಮುಂದಿನ ಕೆಲಸ. ಟೇಪಿನಲ್ಲಿ ಉತ್ತರಕ್ಕೆ ಬಿಟ್ಟ ಮೌನ ಎಲ್ಲರಿಗೂ ಒಂದೇ ಅಳತೆಯದು. ನಿಧಾನಸ್ಥರು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಸರಿಯುತ್ತರ ಬಂದುಬಿಡುತ್ತದೆ. ಕಲಿಯುವವರು ಮಾತು ಮುಗಿಸುವವರೆಗೆ ಕಾಯುವುದು ಸಾಫ್ಟ್‌ವೇರಿನಿಂದ ಸಾಧ್ಯ. ಫ್ಯಾನಿನ ಸದ್ದಿನ ನಡುವೆ ಮಾತು ಮುಗಿದದ್ದನ್ನು ಗುರುತಿಸುವ ಮಿತಿ ಇನ್ನೂ ಸರಿಹೊಂದಿಲ್ಲ. ಜೊತೆಗೆ, ಟೇಪುಗಳಲ್ಲಿರುವುದು ಒಂದೇ ಬಗೆಯ ಕನ್ನಡ. ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರ ದನಿಯಲ್ಲಿ ಅವೇ ವಾಕ್ಯಗಳನ್ನು ಹೊಸದಾಗಿ ಮುದ್ರಿಸಬೇಕು. ಧಾರವಾಡದ ಗೆಳತಿಯೊಬ್ಬರು ಮೊದಲ ಪಾಠವನ್ನು ಓದಿಕೊಡಲು ಒಪ್ಪಿದ್ದಾರೆ.