ಬಾಕ್ಸ್ ಹಗುರಾದದ್ದು ಮೊದಲು ಹೆಗಲಿಗೆ ತಿಳಿಯುತ್ತದೆ

ನಮ್ಮ ಗೋದಾಮಿನಲ್ಲಿ ಮಾಲು ಇಳಿಸುವವನಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಯಾವ ಕಂಪನಿ ಯಾವಾಗ ತೂಕ ಇಳಿಸಿತು ಎಂಬುದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಲಾರಿಯಿಂದ ಬಾಕ್ಸನ್ನು ಹೆಗಲಿಗೇರಿಸಿಕೊಂಡು ಎರಡು ಹೆಜ್ಜೆ ಇಟ್ಟವನೇ, “ಅಣ್ಣಾ, ಇದು ಹಗುರಾಗಿದೆ” ಎನ್ನುತ್ತಾನೆ. ಪಟ್ಟಿ ಕತ್ತರಿಸಿ ಒಳಗಿನ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಅವನ ಮಾತು ನಿಜವಾಗಿರುತ್ತದೆ. ಬಾಕ್ಸಿನ ಅಳತೆ ಅದೇ, ಬಣ್ಣ ಅದೇ, ಒಳಗಿನ ನಗಗಳ ಲೆಕ್ಕ ಅದೇ, ಬೆಲೆಯೂ ಅದೇ. ಹಿಂಬದಿಯ ಮಡಿಕೆಯ ಹತ್ತಿರ, ಇರುವೆ ಸಾಲಿನಂತಹ ಅಕ್ಷರಗಳ ನಡುವೆ, ಗ್ರಾಂ ಮಾತ್ರ ಬೇರೆ.

ನಾನು ಕುಮಟಾದ ಒಂದು ಏಜೆನ್ಸಿಯಲ್ಲಿ 2007ರಿಂದ ಚಾಕಲೇಟು, ಬಿಸ್ಕತ್ತಿನ ಲೈನ್ ನೋಡಿಕೊಳ್ಳುತ್ತೇನೆ. ಮಿರ್ಜಾನ, ಗೋಕರ್ಣ, ಅಂಕೋಲಾ, ಕಾರವಾರ. ದೊಡ್ಡ ಅಂಗಡಿಗಳಿಗಿಂತ ಗೂಡಂಗಡಿಗಳೇ ಹೆಚ್ಚು. ಶಾಲೆಯ ಗೇಟಿನ ಎದುರಿನದು, ಬಸ್ ನಿಲ್ದಾಣದ ಪಕ್ಕದ್ದು, ದೋಣಿ ಕಟ್ಟುವಲ್ಲಿನ ಚಹಾದಂಗಡಿ. ಅಲ್ಲಿ ಓಡುವುದು ಒಂದು, ಎರಡು, ಐದು, ಹತ್ತು ರೂಪಾಯಿಯ ಮಾಲು. ಹೊರಗಿನವರಿಗೆ ತಿಳಿಯದ ಕಥೆಯೆಲ್ಲ ಈ ನಾಲ್ಕು ಅಂಕಿಗಳಲ್ಲೇ ಇದೆ.

ಸಕ್ಕರೆ, ಹಾಲಿನ ಪುಡಿ, ತಾಳೆ ಎಣ್ಣೆ ತುಟ್ಟಿಯಾದಾಗ ಕಂಪನಿ ಐದು ರೂಪಾಯಿಯನ್ನು ಐದೂವರೆ ಮಾಡಲಾರದು. ಐವತ್ತು ಪೈಸೆಯ ನಾಣ್ಯ ಕಾನೂನಿನ ಪ್ರಕಾರ ಇಂದಿಗೂ ಚಲಾವಣೆಯಲ್ಲಿದೆ. ಕಾರವಾರದ ಗೂಡಂಗಡಿಯಲ್ಲಿ ಕೊಟ್ಟು ನೋಡಿ, ಅವನು ಅದನ್ನು ತಿರುಗಿಸಿ ನೋಡಿ ನಿಮಗೇ ಹಿಂದಿರುಗಿಸುತ್ತಾನೆ. ಹಾಗಾಗಿ ಬೆಲೆ ನಿಂತಲ್ಲೇ ನಿಲ್ಲುತ್ತದೆ, ಮಾಲು ಕರಗುತ್ತದೆ. ಹತ್ತು ಗ್ರಾಂನಲ್ಲಿ ಒಂದು ಗ್ರಾಂ ತೆಗೆದರೆ ಬೆಲೆ ಶೇ 11ರಷ್ಟು ಏರಿದ ಹಾಗೆಯೇ ಆಯಿತು. ಆದರೆ ಏರಿತು ಎಂದು ಯಾರೂ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ನಮಗೂ ಅದರಲ್ಲಿ ನಷ್ಟವಿಲ್ಲ. ಅಂಗಡಿಯವನ ಮಾರ್ಜಿನ್ ಇರುವುದು ಬೆಲೆಯ ಮೇಲೆ, ಗ್ರಾಂ ಮೇಲಲ್ಲ. ಒಂದು ತಿಂದು ತೃಪ್ತಿಯಾಗದ ಹುಡುಗ ಇನ್ನೊಂದು ಕೊಂಡರೆ ಅವನಿಗೂ ಲಾಭ, ನನಗೂ ಲಾಭ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಹೇಳಿದರೆ ಅದು ಆತ್ಮವಂಚನೆಯಾಗುತ್ತದೆ.

2014ರ ಮಳೆಗಾಲ ಶುರುವಾಗಿ ಶಾಲೆಗಳು ತೆರೆದ ವಾರ. ಒಂದು ವೇಫರಿನ ತೂಕ ಇಳಿದಿತ್ತು. ನಮ್ಮ ಮೀಟಿಂಗಿನಲ್ಲಿ ಅದನ್ನು ಹೇಳಿದ್ದರು. ಅದರ ಜೊತೆಗೇ, ಹಳೆಯ ತೂಕ ಹೊಸ ತೂಕ ಎಂಬ ಮಾತನ್ನು ಅಂಗಡಿಯಲ್ಲಿ ಎತ್ತುವುದು ಬೇಡ, ಸ್ಕೀಮಿನ ಮಾತು ಮಾತ್ರ ಆಡಿ ಎಂದೂ ಹೇಳಿದ್ದರು. ಹತ್ತು ಬಾಕ್ಸಿಗೆ ಒಂದು ಉಚಿತ. ಅಂಕೋಲಾದಲ್ಲಿ ಒಂದು ಶಾಲೆಯ ಬಳಿ ನಿವೃತ್ತ ಮಾಸ್ತರರೊಬ್ಬರ ಅಂಗಡಿಯಿದೆ. ಪಟ್ಟಿ, ಪೆನ್ಸಿಲ್ಲಿನ ಜೊತೆ ಚಾಕಲೇಟು, ಬಿಸ್ಕತ್ತು. ಮೂವತ್ತು ವರ್ಷ ಗಣಿತ ಕಲಿಸಿದವರು. ಅವರು ಎಂದೂ ಐದು ಬಾಕ್ಸಿಗಿಂತ ಹೆಚ್ಚು ತೆಗೆದುಕೊಂಡವರಲ್ಲ. ಅಂದು ನನ್ನ ಮಾತಿಗೆ ಹತ್ತು ತೆಗೆದುಕೊಂಡರು.

ಮುಂದಿನ ಮಂಗಳವಾರ ಹೋದಾಗ ಗಾಜಿನ ಭರಣಿಗಳ ಪಕ್ಕದಲ್ಲಿ ಎರಡು ವೇಫರ್ ಜೋಡಿಸಿಟ್ಟಿದ್ದರು. ಒಂದು ಹಳೆಯದು, ಒಂದು ಹೊಸದು. ಆರನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಜೋಡಿಸಿ ತೋರಿಸಿದಳಂತೆ. ಅವರು ಸಿಟ್ಟು ಮಾಡಲಿಲ್ಲ, ಚಹಾ ತರಿಸಿದರು. ಆಮೇಲೆ ಪಂಚಕಜ್ಜಾಯದ ಕಲ್ಲುಸಕ್ಕರೆ ತೂಗಲು ಇಟ್ಟುಕೊಂಡಿದ್ದ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಮುಂದೆ ಸರಿಸಿ ಎರಡನ್ನೂ ತೂಗಿದರು. ನಾನು ಸುಮ್ಮನಿರಬಾರದೇ? “ಮಾಸ್ತರೇ, ಇದರಲ್ಲಿ ಹೊದಿಕೆಯ ತೂಕವೂ ಸೇರಿದೆ” ಎಂದೆ. ಅವರು ಹೊದಿಕೆ ಬಿಚ್ಚಿ ಮತ್ತೆ ತೂಗಿದರು.

“ತಮ್ಮಾ, ಕಂಪನಿ ತೂಕ ಇಳಿಸಿತು. ಇಳಿಸಿದ್ದನ್ನು ಇಷ್ಟು ಸಣ್ಣಕ್ಷರದಲ್ಲಾದರೂ ಬರೆದಿದೆ. ನೀನು ಎಲ್ಲಿ ಬರೆದೆ?”

ನನ್ನ ಬಳಿ ಉತ್ತರವಿರಲಿಲ್ಲ. ಆ ಅಂಗಡಿಗೆ ನಾಲ್ಕು ತಿಂಗಳು ನನ್ನ ಮಾಲು ಹೋಗಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಉಳಿದ ಅಂಗಡಿಗಳಲ್ಲಿ ಯಾರೂ ಏನೂ ಕೇಳದೇ ಇದ್ದದ್ದು. ಕೇಳಲಿಲ್ಲ ಎಂದರೆ ಗಮನಿಸಿಲ್ಲ ಎಂದುಕೊಂಡಿದ್ದೆ. ವರ್ಷದ ಕೊನೆಗೆ ಆ ವೇಫರಿನ ಲೆಕ್ಕ ತೆಗೆದಾಗ ಗೊತ್ತಾಯಿತು, ಎಲ್ಲರೂ ಗಮನಿಸಿದ್ದರು.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ತೂಕ ಬದಲಾದ ಮಾಲಿನ ಮುಂದೆ ಬಿಲ್ಲಿನಲ್ಲಿ ಹಳೆಯ ಗ್ರಾಂ, ಹೊಸ ಗ್ರಾಂ ಎರಡನ್ನೂ ಪೆನ್ನಿನಲ್ಲಿ ಬರೆಯುತ್ತೇನೆ. ಮೊದಲ ವರ್ಷ ನಮ್ಮ ಯಜಮಾನರಿಗೆ ಇದು ಹಿಡಿಸಲಿಲ್ಲ. “ನೀನು ಮಾರುವವನೋ, ಮಾರುವುದನ್ನು ತಪ್ಪಿಸುವವನೋ?” ಎಂದು ಕೇಳಿದ್ದುಂಟು. ಫ್ರಾನ್ಸಿನಲ್ಲಿ 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಹೀಗೆ ತೂಕ ಇಳಿದ ಸರಕಿನ ಬಳಿ ಎರಡು ತಿಂಗಳು ಸೂಚನೆ ಹಾಕಬೇಕೆಂಬ ನಿಯಮ 2024ರ ಜುಲೈನಲ್ಲಿ ಜಾರಿಯಾಯಿತು ಎಂದು ಓದಿದಾಗ ಆ ಸುದ್ದಿಯನ್ನು ಕತ್ತರಿಸಿ ಅವರ ಮೇಜಿನ ಮೇಲಿಟ್ಟೆ. ಅವರು ಅದರ ಮೇಲೆ ಚಹಾ ಲೋಟ ಇಟ್ಟರು.

ನಮ್ಮಲ್ಲೂ ನಿಯಮವಿಲ್ಲದೆ ಇಲ್ಲ. ಬಿಸ್ಕತ್ತು, ಚಹಾಪುಡಿ, ಬ್ರೆಡ್ಡಿನಂತಹ ಕೆಲವು ಸರಕುಗಳನ್ನು ಗೊತ್ತುಪಡಿಸಿದ ತೂಕಗಳಲ್ಲೇ ಪೊಟ್ಟಣ ಕಟ್ಟಬೇಕೆಂಬ ಪಟ್ಟಿ ತೂಕ, ಅಳತೆಗೆ ಸಂಬಂಧಿಸಿದ ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳಲ್ಲಿತ್ತು. 2021ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನು ತೆಗೆದು, ಗ್ರಾಂ ಒಂದಕ್ಕೆ ಎಷ್ಟು ಬೆಲೆ ಎಂದು ಮುದ್ರಿಸುವ ಪದ್ಧತಿ ತಂದರು. ಒಳ್ಳೆಯದೇ. ಎರಡು ಪೊಟ್ಟಣಗಳನ್ನು ಹೋಲಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಆ ಅಂಕಿಯನ್ನು ಓದಲು ನನಗೆ ಈಗ ಕನ್ನಡಕ ಬೇಕು.

ಇಷ್ಟಾಗಿ ತಪ್ಪೆಲ್ಲ ಕಂಪನಿಯದೇ ಎಂದು ಹೊರಟರೆ ನಮ್ಮ ಕರಾವಳಿಯಲ್ಲಿ ಮುಖಭಂಗವಾಗುತ್ತದೆ. ಒಂದು ಏಪ್ರಿಲ್‌ನಲ್ಲಿ ಕಾರವಾರದ ಬೇಕರಿಯವರು ಚಾಕಲೇಟಿನ ಇಡೀ ಪೆಟ್ಟಿಗೆಯನ್ನು ನನ್ನ ಮುಂದೆ ಸುರಿದರು. ಸುಣ್ಣ ಸವರಿದಂತೆ ಬೆಳ್ಳಗಾಗಿತ್ತು. “ಏನು ಬೆರೆಸುತ್ತಾರೆ ಈಗ? ಮೊದಲಿನ ಮಾಲೇ ಅಲ್ಲ ಇದು.” ನಾನೂ ಹೌದು ಹೌದೆಂದು ತಲೆಯಾಡಿಸಿ ಕಂಪನಿಗೆ ದೂರು ಬರೆದೆ. ಬಂದ ಅಧಿಕಾರಿ ಚಾಕಲೇಟನ್ನು ಮುಟ್ಟಲೂ ಇಲ್ಲ. ನೆಟ್ಟಗೆ ನಮ್ಮ ಗೋದಾಮಿಗೆ ಹೋಗಿ ತಗಡಿನ ಮಾಡನ್ನು ನೋಡಿದ.

ಕೋಕೋ ಬೆಣ್ಣೆ ಕರಗುವುದು ನಮ್ಮ ಮೈಯ ಬಿಸಿಗಿಂತ ತುಸು ಕಡಿಮೆ ಬಿಸಿಯಲ್ಲಿ. ಬಾಯಲ್ಲಿಟ್ಟ ಕೂಡಲೇ ಚಾಕಲೇಟು ಕರಗುವುದು ಅದಕ್ಕೇ. ತಗಡಿನ ಕೆಳಗೆ ಮಧ್ಯಾಹ್ನ ಮೆತ್ತಗಾಗಿ ರಾತ್ರಿ ಗಟ್ಟಿಯಾದರೆ ಆ ಕೊಬ್ಬು ಮೇಲೆ ಬಂದು ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಬೆರಳಿನಿಂದ ತಿಕ್ಕಿದರೆ ಅದು ಮಾಯವಾಗುತ್ತದೆ. ಇನ್ನೊಂದು ಬಗೆಯ ಬಿಳುಪಿದೆ, ಅದು ಕಡಲ ತೀರದ್ದೇ ಕಾಣಿಕೆ. ಕೂಲರಿನಿಂದ ತೆಗೆದ ತಣ್ಣನೆಯ ಚಾಕಲೇಟಿನ ಮೇಲೆ ನಮ್ಮ ಒದ್ದೆ ಗಾಳಿ ಹನಿಗಟ್ಟುತ್ತದೆ, ಸಕ್ಕರೆಯನ್ನು ಕರಗಿಸುತ್ತದೆ, ಹನಿ ಆರಿದಾಗ ಸಕ್ಕರೆ ತರಿತರಿಯಾಗಿ ಉಳಿಯುತ್ತದೆ. ತಿಕ್ಕಿದರೂ ಅದು ಹೋಗದು. ಎರಡೂ ತಿಂದರೆ ಅಪಾಯವಿಲ್ಲ, ರುಚಿ ಮಾತ್ರ ಸತ್ತಿರುತ್ತದೆ. ಕಂಪನಿ ಕೊಟ್ಟ ಕೂಲರಿನಲ್ಲಿ ಹಾಲಿನ ಪೊಟ್ಟಣ, ಮಲ್ಲಿಗೆ ದಂಡೆ ತುಂಬಿ, ಕರೆಂಟು ಬಿಲ್ಲಿಗೆ ಹೆದರಿ ರಾತ್ರಿ ಗುಂಡಿ ಆರಿಸುವ ಅಂಗಡಿಗಳು ನನ್ನ ಲೈನಿನಲ್ಲಿ ಎಷ್ಟಿವೆಯೆಂದು ಲೆಕ್ಕ ಹಾಕಲು ಹೋಗುವುದಿಲ್ಲ. ಈಗ ಯಾರಾದರೂ ಗುಣಮಟ್ಟ ಕೆಟ್ಟಿತು ಎಂದರೆ ಮೊದಲು ಬೆರಳಿನಿಂದ ತಿಕ್ಕಿ ನೋಡುತ್ತೇನೆ.

ಹಾಗೆಂದು ನಿಜವಾಗಿ ಕೆಟ್ಟದ್ದು ಇಲ್ಲವೇ? ಇದೆ, ಮತ್ತು ನನ್ನ ಮಟ್ಟಿಗೆ ತೂಕ ಇಳಿಸುವುದಕ್ಕಿಂತ ಅದು ದೊಡ್ಡ ತಪ್ಪು. ತೂಕವನ್ನು ತಕ್ಕಡಿ ಹೇಳುತ್ತದೆ. ಕೋಕೋ ಬೆಣ್ಣೆಯ ಜಾಗಕ್ಕೆ ತಾಳೆಯ ಕೊಬ್ಬು ಬಂದದ್ದನ್ನು ಹೇಳಲು ನಾಲಿಗೆ ಬೇಕು. ಹತ್ತು ವರ್ಷದ ಹುಡುಗನ ನಾಲಿಗೆಗೆ ಹಳೆಯ ರುಚಿಯ ನೆನಪೇ ಇಲ್ಲ. ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಸಕ್ಕರೆಯ ಹಿಂದೆಯೇ ತಾಳೆ ಎಣ್ಣೆ ಬಂದು, ಕೋಕೋ ಎಲ್ಲೋ ಬಾಲದಲ್ಲಿದ್ದರೆ ಅದು ಚಾಕಲೇಟಲ್ಲ, ಚಾಕಲೇಟಿನ ವೇಷ. ಹೆಸರೂ ‘ಚಾಕೊ’ ಎಂದು ಮೊಟಕಾಗಿರುತ್ತದೆ. ಐಸ್‌ಕ್ರೀಮಿನ ಪಕ್ಕದಲ್ಲಿ, ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ ‘ಫ್ರೋಜನ್ ಡೆಸರ್ಟ್’ ಕೂತಿರುವ ಹಾಗೆ. ಬ್ರಿಟನ್ನಿನಲ್ಲಿ ಮಕ್ಕಳಿಂದ ಮುದುಕರವರೆಗೆ ತಿನ್ನುವ ಪೆಂಗ್ವಿನ್, ಕ್ಲಬ್ ಎಂಬ ಬಿಸ್ಕತ್ತುಗಳಲ್ಲಿ ಕೋಕೋ ಕಡಿಮೆಯಾಗಿ, 2025ರಲ್ಲಿ ಅವುಗಳ ಮೇಲೆ ‘ಚಾಕಲೇಟ್ ಸ್ವಾದ’ ಎಂದು ಬರೆಯಬೇಕಾಯಿತು. ಆದರೆ ಗೂಡಂಗಡಿಯ ಪರ ಒಂದು ಮಾತು ಹೇಳಲೇಬೇಕು. ತಾಳೆಯ ಕೊಬ್ಬಿನ ಲೇಪನ ನಮ್ಮ ಸೆಖೆಗೆ ಸುಲಭವಾಗಿ ಕರಗುವುದಿಲ್ಲ. ಕೂಲರಿಲ್ಲದ ಅಂಗಡಿಗೆ ಮೇ ತಿಂಗಳಿನಲ್ಲಿ ನಾನು ಧೈರ್ಯವಾಗಿ ಕೊಡುವುದು ಅದನ್ನೇ.

ತಮಾಷೆಯೆಂದರೆ ಕೋಕೋ ನಮ್ಮ ಜಿಲ್ಲೆಗೆ ಪರದೇಶಿಯಲ್ಲ. ಶಿರಸಿ ಕಡೆಯಲ್ಲಿ ನನ್ನ ಮಾವನ ಅಡಿಕೆ ತೋಟದ ನೆರಳಿನಲ್ಲಿ ಹತ್ತಿಪ್ಪತ್ತು ಕೋಕೋ ಗಿಡಗಳಿವೆ. 1980ರ ಸುಮಾರಿಗೆ ಬೆಲೆ ನೆಲಕಚ್ಚಿ ಕೊಳ್ಳುವವರೇ ಇಲ್ಲದಾದಾಗ ಅನೇಕರು ಗಿಡ ಕಡಿದರು. ಆಮೇಲೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆ ತೆರೆಯಿತು. ಮಾವ ಕಡಿಯದೆ ಬಿಟ್ಟದ್ದು ದೂರದೃಷ್ಟಿಯಿಂದಲ್ಲ, ಸೋಮಾರಿತನದಿಂದ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾದಲ್ಲಿ ರೋಗ, ಹವಾಮಾನ, ಮುದಿ ಮರಗಳಿಂದಾಗಿ ಫಸಲು ಕುಸಿದು, 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಕೋಕೋ ಬೆಲೆ ಟನ್ನಿಗೆ 12,000 ಡಾಲರ್ ದಾಟಿತು. ನನ್ನ ಬಾಕ್ಸುಗಳು ಹಗುರಾಗುತ್ತಿದ್ದ ಆ ವರ್ಷ ಮಾವ ಮೊದಲ ಬಾರಿಗೆ ಕೋಕೋ ಕಾಯಿಯನ್ನು ಮಂಗನಿಂದ ಕಾಯಲು ಬೆಳಗ್ಗೆ ಬೇಗ ಎದ್ದರು. “ನಿನ್ನ ಚಾಕಲೇಟು ಸಣ್ಣದಾಗಲಿ ಬಿಡು, ನನ್ನ ಚೀಲ ದೊಡ್ಡದಾಗುತ್ತದೆ” ಎಂದರು. ಮರುವರ್ಷ ಬೆಲೆ ಇಳಿಯಿತು. ಮಂಗಗಳು ಮಾತ್ರ ಬರುವುದನ್ನು ಬಿಡಲಿಲ್ಲ. ನನ್ನ ಬಾಕ್ಸುಗಳೂ ಮತ್ತೆ ಭಾರವಾಗಲಿಲ್ಲ.

ಅಲ್ಲ, ಒಮ್ಮೆ ಆದವು. 2025ರ ಸೆಪ್ಟೆಂಬರ್ 22ರಂದು ಚಾಕಲೇಟು, ಬಿಸ್ಕತ್ತುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ತೆರಿಗೆ ಕಳೆದು ಲೆಕ್ಕ ಹಾಕಿದರೆ ಐದು ರೂಪಾಯಿಯ ಪೊಟ್ಟಣ 4 ರೂಪಾಯಿ 45 ಪೈಸೆಗೆ ಬರಬೇಕು. ನಲವತ್ತೈದು ಪೈಸೆಯನ್ನು ಎಲ್ಲಿಂದ ತರುವುದು? ಚಿಲ್ಲರೆಗೆ ಬದಲು ಪೆಪ್ಪರಮಿಂಟು ಕೊಡುವ ನಮ್ಮ ಹಳೆಯ ಪದ್ಧತಿಯೂ ಸೋತಿತು, ಒಂದು ರೂಪಾಯಿಯ ಪೆಪ್ಪರಮಿಂಟಿನ ಬೆಲೆಯೇ ಪೈಸೆಯಾಗಿತ್ತಲ್ಲ. ಆ ಎರಡು ವಾರ ನಾನು ಮಾಲು ಮಾರಿದ್ದಕ್ಕಿಂತ ಹಳೆಯ ಬೆಲೆ, ಹೊಸ ಬೆಲೆಯ ಜಗಳ ಬಿಡಿಸಿದ್ದೇ ಹೆಚ್ಚು. ಕೊನೆಗೆ ಕೆಲವು ಮಾಲು ಮತ್ತೆ ಐದು ರೂಪಾಯಿಗೇ ಬಂತು, ಗ್ರಾಂ ಏರಿಸಿಕೊಂಡು.

ಅಂಕೋಲಾದಲ್ಲಿ ಬಿಲ್ಲಿನ ಮೇಲೆ ಹಳೆಯ ಗ್ರಾಂ, ಹೊಸ ಗ್ರಾಂ ಬರೆದು ಮಾಸ್ತರರ ಮುಂದಿಟ್ಟೆ. ಅವರಿಗೀಗ ಕೈ ನಡುಗುತ್ತದೆ. ಬಿಲ್ಲನ್ನು ದೂರ ಹಿಡಿದು ಓದಿದರು, “ನೀನು ಅದಲು ಬದಲು ಬರೆದಿದ್ದೀಯಾ” ಎಂದರು. ಇಲ್ಲವೆಂದೆ. ನಂಬಲಿಲ್ಲ. ಅದೇ ಹಳೆಯ ತಕ್ಕಡಿ ತೆಗೆದು, ಯಾರೂ ಹೇಳದೆಯೇ ಹೊದಿಕೆ ಬಿಚ್ಚಿ ತೂಗಿದರು. ಅಂಕಿ ನಿಲ್ಲುವವರೆಗೆ ಕಾದರು.

“ಸರಿ. ಎರಡು ಬಾಕ್ಸ್ ಇಡು,” ಎಂದರು. “ಇದನ್ನು ಮತ್ತೆ ಇಳಿಸುವ ದಿನ ಮೊದಲೇ ಫೋನ್ ಮಾಡು.”